ಕಣ್ಣು ಹೊಡೆಯುವವಳು

ದೂರು ಬಂದದ್ದು ಮಂಗಳವಾರ. ಲಾಂಚ್ ಕಟ್ಟೆಯ ಮೇಲ್ವಿಚಾರಕರು ಹಿಂಬಾಗಿಲಿನಿಂದ ಟಿಕೆಟ್ ಕೌಂಟರಿನೊಳಗೆ ಬಂದು, ನದಿಯ ಕಡೆ ನೋಡುತ್ತ, "ನಾಳೆಯಿಂದ ನೀವು ಹಿಂದಿನ ಕೋಣೆಯಲ್ಲಿ ಕೂತ್ಕೊಳ್ಳಿ" ಅಂದರು.

"ಯಾಕೆ ಸಾರ್?"

"ಒಬ್ಬ ಹೆಂಗಸು ಬರೆದು ಕೊಟ್ಟಿದ್ದಾರೆ. ಅವರ ಯಜಮಾನರು ಟಿಕೆಟ್ ತಗೊಳ್ಳುವಾಗ ನೀವು ಕಣ್ಣು ಹೊಡೆದ್ರಂತೆ. ಇದು ಮೂರನೇ ದೂರು. ಮೊದಲಿನ ಎರಡು ನಾನೇ ಹರಿದು ಹಾಕಿದ್ದೆ."

ಕೌಂಟರಿನಲ್ಲಿದ್ದವಳಿಗೆ ನಲವತ್ತಾರು ವರ್ಷ. ಹದಿನೇಳು ವರ್ಷದಿಂದ ಅದೇ ಗಾಜಿನ ಹಿಂದೆ ಕೂತು, ಅರ್ಧಚಂದ್ರದಂಥ ಕಿಂಡಿಯಲ್ಲಿ ಚೀಟಿ ಹರಿದು ಕೊಟ್ಟವಳು. ಎರಡೂ ದಡದವರಿಗೆ ಅವಳು ಟಿಕೆಟ್ಟಮ್ಮ. ಏನೋ ಹೇಳಲು ಬಾಯಿ ತೆರೆದಳು. ಅದೇ ಹೊತ್ತಿಗೆ ಎಡಗಣ್ಣು ಪಟಪಟನೆ ಮುಚ್ಚಿತು, ಕೆನ್ನೆ ಎಳೆಯಿತು, ತುಟಿಯ ಅಂಚು ಮೇಲೆ ಹೋಯಿತು.

"ನೋಡಿ, ಈಗಲೂ" ಎಂದು ಮೇಲ್ವಿಚಾರಕರು ಮುಖ ತಿರುಗಿಸಿಕೊಂಡು ಹೊರಟುಹೋದರು.

ಇದು ಶುರುವಾಗಿ ಒಂದೂವರೆ ವರ್ಷವಾಗಿತ್ತು. ಮೊದಮೊದಲು ಎಡಗಣ್ಣಿನ ಕೆಳಗೆ, ಚರ್ಮದಡಿ ಇರುವೆ ಓಡಿದ ಹಾಗೆ. ನಿದ್ದೆ ಸಾಲದೆ ಹೀಗಾಗುತ್ತದೆ ಎಂದು ತಾಯಿ ಹೇಳಿದಳು. ಚಹಾ ಕಡಿಮೆ ಮಾಡು ಎಂದು ಔಷಧಿ ಅಂಗಡಿಯವನು ಹೇಳಿ ಕಣ್ಣಿಗೆ ಹಾಕುವ ಹನಿ ಕೊಟ್ಟ. ಚಹಾ ಬಿಟ್ಟಳು, ಹನಿ ಹಾಕಿದಳು. ಅದು ಹೋಗಲಿಲ್ಲ, ಕೆಳಗಿಳಿಯಿತು. ಮೊದಲು ಕೆನ್ನೆಗೆ, ಆಮೇಲೆ ತುಟಿಗೆ. ನೋವಂತೂ ಇರಲಿಲ್ಲ. ನೋವಿಲ್ಲದ ಕಾಯಿಲೆಗೆ ಯಾವ ಡಾಕ್ಟರ ಮುಂದೆ ಹೋಗಿ ಏನಂತ ಹೇಳುವುದು ಎಂದು ಅವಳೂ ಸುಮ್ಮನಿದ್ದಳು.

ಮನೆ ಗಲ್ಲಿಯ ಕೊನೆಯದು. ಮುಂದಿನ ಶೆಡ್ಡಿನಲ್ಲಿ ಅವಳ ಅಣ್ಣ ಗೇಟು, ಕಿಟಕಿ ಸರಳು ಬೆಸೆಯುವ ವೆಲ್ಡಿಂಗ್ ಕೆಲಸ ಮಾಡುತ್ತಿದ್ದ. ನಡುಮನೆಯಲ್ಲಿ ಅತ್ತಿಗೆಯ ಹೊಲಿಗೆ ಯಂತ್ರ. ಶಾಲೆಗಳಿಗೆ ಸಮವಸ್ತ್ರ ಹೊಲಿಯುವುದು ಅವಳ ಕೆಲಸ. ಅಣ್ಣನ ಮಗಳು ಪುಟ್ಟಿಗೆ ಹದಿಮೂರು. ಇವರೆಲ್ಲರ ಮೇಲೆ ಕಿವಿ ಸ್ವಲ್ಪ ಮಂದವಾದ, ನಾಲಿಗೆ ಮಾತ್ರ ಮಂದವಾಗದ ಅಜ್ಜಿ, ಅಂದರೆ ಟಿಕೆಟ್ಟಮ್ಮನ ತಾಯಿ. ಇಪ್ಪತ್ತು ವರ್ಷದ ಹಿಂದೆ ಗಂಡನ ಮನೆ ಒಗ್ಗದೆ ಒಂದು ಪೆಟ್ಟಿಗೆ ಹಿಡಿದು ಬಂದ ಟಿಕೆಟ್ಟಮ್ಮ ಆ ಮನೆಯಲ್ಲೇ ಉಳಿದಿದ್ದಳು.

ಅತ್ತಿಗೆ ವಯಸ್ಸಿನಲ್ಲಿ ನಾದಿನಿಗಿಂತ ಚಿಕ್ಕವಳು. ಇಬ್ಬರೂ ಒಬ್ಬರಿಗೊಬ್ಬರು "ನೀವು" ಅನ್ನುತ್ತಿದ್ದರು. ಮೊದಲು ಅದು ಮರ್ಯಾದೆಯಾಗಿತ್ತು, ಬರಬರುತ್ತ ಬೇಲಿಯಾಯಿತು.

ಕೌಂಟರಿನಿಂದ ಎಬ್ಬಿಸಿದ್ದನ್ನು ಟಿಕೆಟ್ಟಮ್ಮ ಮನೆಯಲ್ಲಿ ಹೇಳಲಿಲ್ಲ. ಎಂದಿನಂತೆ ಬುತ್ತಿ ಕಟ್ಟಿಕೊಂಡು ಹೋಗಿ, ಹಿಂದಿನ ಕೋಣೆಯಲ್ಲಿ ಒದ್ದೆ ಲೈಫ್ ಜಾಕೆಟ್ಟುಗಳನ್ನು ಒಣಗಿಸಿ, ಹರಿದ ಪಟ್ಟಿ ಹೊಲಿದು, ಸಂಜೆ ಬರುತ್ತಿದ್ದಳು. ಲಾಂಚ್ ಓಡಿಸುವ ಮುದುಕ ಮಾತ್ರ ದಿನಕ್ಕೊಮ್ಮೆ ಬಾಗಿಲಲ್ಲಿ ನಿಂತು, "ಕೌಂಟರಲ್ಲಿ ಈಗ ಕೂತಿರೋನು ಒಂದು ಟಿಕೆಟ್ ಹರಿಯೋದ್ರೊಳಗೆ ನಾನು ಆ ದಡ ಮುಟ್ಟಿ ಬರ್ತೀನಿ" ಎಂದು ಹೇಳಿ ಹೋಗುತ್ತಿದ್ದ. ಆ ಮಾತಿನಿಂದ ಅವಳಿಗೆ ಒಂದು ದಿನ ಕಳೆಯುವಷ್ಟು ಬಲ ಬರುತ್ತಿತ್ತು.

ಶುಕ್ರವಾರ ಊಟಕ್ಕೆ ಕೂತಾಗ ಅಣ್ಣ ತಟ್ಟೆಯನ್ನು ಮುಂದೆ ತಳ್ಳಿದ.

"ಟೀ ಅಂಗಡೀಲಿ ನನ್ನ ನೋಡಿ ನಕ್ಕರು. ಯಾಕಪ್ಪಾ ಅಂದ್ರೆ, ನಿನ್ನ ತಂಗಿ ಕೌಂಟರಲ್ಲಿದ್ದಾಗ ಲಾಂಚಲ್ಲಿ ಕಾಲಿಡೋಕೆ ಜಾಗ ಇರ್ತಿರಲಿಲ್ಲ, ಈಗ ಖಾಲಿ ಹೋಗ್ತಿದೆ ಅಂತಾರೆ."

ಪುಟ್ಟಿ ತುತ್ತು ಹಿಡಿದುಕೊಂಡು ಅತ್ತೆಯ ಮುಖ ನೋಡಿದಳು.

"ನಾನು ಬೇಕು ಅಂತ ಮಾಡ್ತಿಲ್ಲ ಅಣ್ಣ. ಅದು ತಾನೇ ಆಗತ್ತೆ."

"ಕಣ್ಣು ತಾನೇ ಹೇಗೆ ಹೊಡ್ಕೊಳ್ಳತ್ತೆ?"

ಅತ್ತಿಗೆ ಅನ್ನದ ಸೌಟನ್ನು ಪಾತ್ರೆಯಲ್ಲಿ ಬಿಟ್ಟಳು. "ನನ್ನ ಹತ್ರ ಮಾತಾಡುವಾಗಲೂ ತಾನೇ ಆಗತ್ತಾ? ಒಂದು ವರ್ಷದಿಂದ ನೋಡ್ತಿದೀನಿ. ಉಪ್ಪು ಜಾಸ್ತಿ ಆಯ್ತು ಅಂದ್ರೆ ತುಟಿ ಸೊಟ್ಟ. ಒಣಗಿದ ಬಟ್ಟೆ ತೆಗೀಲಿಲ್ಲ ಅಂದ್ರೆ ತುಟಿ ಸೊಟ್ಟ. ಅಣಕಿಸೋದಾದ್ರೆ ಬಾಯಿಬಿಟ್ಟು ಅಣಕಿಸಿ, ಕೇಳಿಸ್ಕೋತೀನಿ."

"ಅತ್ತಿಗೆ, ನಿಮ್ಮಾಣೆ..." ಎಂದು ಟಿಕೆಟ್ಟಮ್ಮ ಅನ್ನುವಷ್ಟರಲ್ಲಿ ಮುಖ ಎಳೆಯಿತು. ಜಗಳವಾದಾಗ ಅದು ಇನ್ನೂ ಜೋರು. ಕಣ್ಣು ಮುಚ್ಚಿಕೊಂಡದ್ದು ತೆರೆಯಲೇ ಇಲ್ಲ.

"ನೋಡಿ, ನೋಡಿ" ಅಂದಳು ಅತ್ತಿಗೆ. "ಎದುರಿಗೇ."

"ಅನ್ನದ ಮುಂದೆ ಕೂತು ಕಚ್ಚಾಡಬೇಡಿ" ಅಂದಳು ಅಜ್ಜಿ. "ಏನಂತೆ ವಿಷಯ?"

"ಏನಿಲ್ಲಮ್ಮ" ಎಂದು ಅಣ್ಣ ಎದ್ದ. "ಇನ್ನು ಆ ಕಟ್ಟೆ ಕಡೆ ನಾನು ತಲೆ ಹಾಕಲ್ಲ. ಯಾವ ಮುಖ ಇಟ್ಕೊಂಡು ಹೋಗಲಿ?"

ಅಂದಿನಿಂದ ಟಿಕೆಟ್ಟಮ್ಮ ಎಲ್ಲರ ಊಟವಾದ ಮೇಲೆ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಉಣ್ಣತೊಡಗಿದಳು. ಮನೆಯಲ್ಲೂ ಎಡಗೆನ್ನೆಗೆ ಕರವಸ್ತ್ರ ಒತ್ತಿಕೊಂಡೇ ಓಡಾಡಿದಳು. ಪಾತ್ರೆ ತೊಳೆಯುವುದು ಅವಳ ಪಾಲಿನದು, ಅದನ್ನು ತೊಳೆದಳು. ನೀರು ತುಂಬುವುದು ಅತ್ತಿಗೆಯ ಪಾಲಿನದು, ಅದನ್ನೂ ತುಂಬಿದಳು. ಅತ್ತಿಗೆ ಅದಕ್ಕೂ ಸಿಟ್ಟಾದಳು. "ನನ್ನ ಕೆಲಸ ನಾನು ಮಾಡ್ಕೋತೀನಿ, ಊರವರ ಮುಂದೆ ನನ್ನ ಕೆಟ್ಟವಳು ಮಾಡಬೇಡಿ" ಅಂದಳು. ಹೀಗೆ ಎರಡು ವಾರ ಕಳೆಯಿತು.

ಮೂರನೆಯ ಭಾನುವಾರ ಮಧ್ಯಾಹ್ನ. ಶಾಲೆ ತೆರೆಯುವ ದಿನಗಳು. ಅರವತ್ತು ಅಂಗಿ ಬಾಕಿ. ಅಳತೆ ಪಟ್ಟಿ ಸಿಗದೆ ಅತ್ತಿಗೆ ಹುಡುಕುತ್ತ ಕಿಟಕಿ ಪಕ್ಕದ ಮಂಚದ ಬಳಿ ಬಂದಳು. ನಾದಿನಿ ಅಲ್ಲಿ ಅಂಗಾತ ಮಲಗಿದ್ದಳು. ಗಾಢ ನಿದ್ದೆ. ಬಾಯಿ ಸ್ವಲ್ಪ ತೆರೆದು ಸಣ್ಣಗೆ ಗೊರಕೆ. ಕರವಸ್ತ್ರ ಕೈಯಿಂದ ಜಾರಿತ್ತು.

ಮಂಚದ ಅಂಚಿನಲ್ಲಿದ್ದ ಅಳತೆ ಪಟ್ಟಿಗೆ ಕೈ ಚಾಚಿದ ಅತ್ತಿಗೆ ಹಾಗೇ ನಿಂತಳು. ಮಲಗಿದವಳ ಎಡಗಣ್ಣಿನ ರೆಪ್ಪೆ ಬಿಗಿಯಿತು, ಬಿಟ್ಟಿತು. ಮತ್ತೆ ಬಿಗಿಯಿತು. ಕೆನ್ನೆ ನಡುಗಿತು, ತುಟಿ ಮೇಲೆ ಹೋಗಿ ಬಂತು. ಬಲಗಡೆಯ ಮುಖ ಮಗುವಿನದರಂತೆ ಶಾಂತವಾಗಿತ್ತು. ಗೊರಕೆ ನಿಲ್ಲಲಿಲ್ಲ.

ಎಷ್ಟೋ ಹೊತ್ತು ನೋಡಿದ ಮೇಲೆ ಅತ್ತಿಗೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಶೆಡ್ಡಿಗೆ ಹೋದಳು.

"ರೀ, ಬನ್ನಿ ಇಲ್ಲಿ. ಚಪ್ಪಲಿ ಬಿಟ್ಟು ಬನ್ನಿ, ಸದ್ದು ಮಾಡಬೇಡಿ."

"ಏನೇ?"

"ಬನ್ನಿ ಅಂದ್ನಲ್ಲ."

ಅಣ್ಣ ಬಂದು ಮಂಚದ ಕಾಲ ಬಳಿ ನಿಂತ. ಹಿಂದಿನಿಂದ ಪುಟ್ಟಿಯೂ ಇಣುಕಿದಳು. ರೆಪ್ಪೆ ಬಿಗಿಯಿತು, ಬಿಟ್ಟಿತು.

"ನಿದ್ದೆಯಲ್ಲಿ ಯಾರಿಗೆ ಕಣ್ಣು ಹೊಡೀತಿದ್ದಾರೆ ಹೇಳಿ" ಎಂದು ಅತ್ತಿಗೆ ಪಿಸುಗುಟ್ಟಿದಳು. "ಆ ಛಾವಣಿಗಾ?"

ಅಣ್ಣ ಹೊರಗೆ ಹೋಗಿ ಚಪ್ಪಲಿ ಮೆಟ್ಟಿದ, ಮತ್ತೆ ಬಿಚ್ಚಿ ಒಳಗೆ ಬಂದ.

ಟಿಕೆಟ್ಟಮ್ಮ ಕಣ್ಣುಬಿಟ್ಟಾಗ ಮೂವರೂ ಮಂಚದ ಸುತ್ತ ನಿಂತಿದ್ದರು. "ಏನಾಯ್ತು? ನಾನು ಸತ್ತೋದ್ನಾ?" ಎಂದು ಕೇಳಿದಳು.

"ಎದ್ದು ಮುಖ ತೊಳ್ಕೋ" ಅಂದಳು ಅತ್ತಿಗೆ. "ಡಾಕ್ಟರ್ ಹತ್ರ ಹೋಗೋಣ."

"ಭಾನುವಾರ ಯಾವ ಡಾಕ್ಟರ್ ಇರ್ತಾರೆ?"

"ಹಾಗಾದ್ರೆ ನಾಳೆ ಬೆಳಗ್ಗೆ. ನೀನು ರಜೆ ಹಾಕು. ನಾನೂ ಬರ್ತೀನಿ."

ಅತ್ತಿಗೆ ನಾದಿನಿಗೆ "ನೀನು" ಅಂದದ್ದು ಅದೇ ಮೊದಲು. ಕಿವಿ ಮಂದವಾದ ಅಜ್ಜಿಗೆ ಅದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಬಡಾವಣೆಯ ಚಿಕಿತ್ಸಾಲಯದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವಳು. ಅವಳಿಗೇ ನೆಗಡಿಯಾಗಿತ್ತು. ಹುಬ್ಬು ಏರಿಸಿ ಅಂದಳು, ಕಣ್ಣು ಗಟ್ಟಿ ಮುಚ್ಚಿ ಅಂದಳು, ಹಲ್ಲು ತೋರಿಸಿ ಅಂದಳು. ಎರಡೂ ಕೈ ಮುಂದೆ ಚಾಚಿಸಿ ನೋಡಿದಳು.

"ಎಷ್ಟು ದಿನ ಆಯ್ತು?"

"ಒಂದೂವರೆ ವರ್ಷ."

ಡಾಕ್ಟರು ಪೆನ್ನು ಕೆಳಗಿಟ್ಟಳು. "ಇಷ್ಟು ದಿನ ಯಾಕೆ ಬರಲಿಲ್ಲ?"

"ನೋವಿರಲಿಲ್ಲ ಡಾಕ್ಟ್ರೇ."

"ನಿದ್ದೆಯಲ್ಲಿ ನಿಲ್ಲುತ್ತಾ?"

ಟಿಕೆಟ್ಟಮ್ಮನಿಗೆ ಅದು ಹೇಗೆ ಗೊತ್ತಿರಬೇಕು? ಅತ್ತಿಗೆ ಮುಂದೆ ಬಾಗಿದಳು. "ನಿಲ್ಲಲ್ಲ. ನಾನೇ ನಿಂತು ನೋಡಿದೀನಿ. ಎಡಗಡೆ ಮಾತ್ರ. ಮೊದಲು ಕಣ್ಣು, ಆಮೇಲೆ ಕೆನ್ನೆ, ಆಮೇಲೆ ತುಟಿ."

"ನೀವು ನೋಡಿದ್ದು ದೊಡ್ಡ ಉಪಕಾರ ಆಯ್ತು" ಅಂದಳು ಡಾಕ್ಟರು. "ಬೇಕು ಅಂತ ಮಾಡೋದು, ಅಭ್ಯಾಸದಿಂದ ಆಗೋದು ನಿದ್ದೆಯಲ್ಲಿ ಇರಲ್ಲ. ಇದು ಮುಖದ ನರದ ತೊಂದರೆ ಅಂತ ಕಾಣುತ್ತೆ. ಜೀವಕ್ಕೆ ಅಪಾಯ ಇಲ್ಲ, ಆದರೆ ತಾನಾಗಿ ಹೋಗೋದು ಅಪರೂಪ. ನರದ ಡಾಕ್ಟರಿಗೆ ಬರೆದು ಕೊಡ್ತೀನಿ."

"ನಮ್ಮ ಹುಡುಗಿಗೂ ಪರೀಕ್ಷೆ ಬಂದ್ರೆ ರೆಪ್ಪೆ ಅದುರತ್ತೆ" ಎಂದು ಅತ್ತಿಗೆ ಗಾಬರಿಯಾದಳು. "ಅವಳಿಗೂ ಇದೇನಾ?"

"ನಿದ್ದೆಗೆಟ್ಟಾಗ ರೆಪ್ಪೆ ನಾಲ್ಕು ದಿನ ಅದುರೋದು ಎಲ್ಲರಿಗೂ ಇದ್ದದ್ದೇ. ನಿದ್ದೆ ಮಾಡಿದ್ರೆ ಹೋಗುತ್ತೆ. ಎರಡು ಮೂರು ವಾರ ಆದ್ರೂ ಬಿಡಲಿಲ್ಲ, ಕಣ್ಣು ಪೂರ್ತಿ ಮುಚ್ಚಿಕೊಳ್ತು, ಕೆನ್ನೆಗೆ ಇಳೀತು ಅಂದ್ರೆ ಬನ್ನಿ, ಹೀಗೆ ವರ್ಷಗಟ್ಟಲೆ ಕಾಯಬೇಡಿ." ಡಾಕ್ಟರು ಮೂಗು ಒರೆಸಿಕೊಂಡಳು. "ಇನ್ನೊಂದು ಮಾತು. ಮುಖದ ಒಂದು ಕಡೆ ಇದ್ದಕ್ಕಿದ್ದ ಹಾಗೆ ಜೋತುಬಿದ್ರೆ, ಮಾತು ತೊದಲಿದ್ರೆ, ಕೈಯಲ್ಲಿ ಬಲ ಇಲ್ಲ ಅಂದ್ರೆ ನಾಳೆ ನೋಡೋಣ ಅನ್ನಬಾರದು. ಆ ಕ್ಷಣವೇ ದೊಡ್ಡಾಸ್ಪತ್ರೆಗೆ ಓಡಬೇಕು."

ಮನೆಗೆ ನಡೆದು ಬರುವಾಗ ಗಲ್ಲಿಯ ತಿರುವಿನಲ್ಲಿ ಅತ್ತಿಗೆ ನಿಂತಳು.

"ಒಂದು ವರ್ಷ ನಾನು ನಿನಗೆ ಮುಖ ಕೊಟ್ಟು ಮಾತಾಡಲಿಲ್ಲ."

"ನಾನಾದ್ರೂ ಕೂರಿಸಿಕೊಂಡು ಹೇಳಬಹುದಿತ್ತು."

"ಹೇಳಿದ್ರೂ ನಂಬ್ತಿರಲಿಲ್ಲ. ನಾನೆಂಥವಳು ಅಂತ ನಂಗೊತ್ತು" ಅಂದಳು ಅತ್ತಿಗೆ. ಆಮೇಲೆ, "ಪುಟ್ಟಿ ಎರಡು ವರ್ಷದವಳಿದ್ದಾಗ ಜ್ವರ ಬಂದು ಕಣ್ಣು ಮೇಲೆ ಮಾಡಿದಾಗ ನೀನೇ ಎತ್ಕೊಂಡು ಓಡಿದ್ದು. ನಾನು ಅಲ್ಲೇ ಕೂತು ಅಳ್ತಿದ್ದೆ. ಅದನ್ನ ಹೇಗೆ ಮರೆತೆ ಅಂತ ನಿನ್ನೆಯಿಂದ ಯೋಚನೆ ಮಾಡ್ತಿದೀನಿ" ಅಂದಳು.

ಟಿಕೆಟ್ಟಮ್ಮನ ಕಣ್ಣಲ್ಲಿ ನೀರು ಬಂತು. ಎಡಗಣ್ಣು ಮುಚ್ಚಿ ಮುಚ್ಚಿ ಅದನ್ನು ಹೊರಗೆ ತಳ್ಳಿತು. ಅದನ್ನು ನೋಡಿ ಅತ್ತಿಗೆಗೆ ನಗು ಬಂದುಬಿಟ್ಟಿತು, ಆಮೇಲೆ ಇಬ್ಬರಿಗೂ ಬಂತು. ದಾರಿಹೋಕನೊಬ್ಬ ತಿರುಗಿ ನೋಡಿದ. ನೋಡಿದರೆ ನೋಡಲಿ ಎಂದು ನಿಂತೇ ನಕ್ಕರು.

ನರದ ಡಾಕ್ಟರು ಇದ್ದದ್ದು ಆ ದಡದ ದೊಡ್ಡಾಸ್ಪತ್ರೆಯಲ್ಲಿ. ಲಾಂಚಿಗೆ ಹೋಗಲು ಅಣ್ಣನಿಗೆ ಧೈರ್ಯ ಸಾಲಲಿಲ್ಲ, ಸೇತುವೆ ಸುತ್ತಿ ಬಸ್ಸಿನಲ್ಲಿ ಕರೆದುಕೊಂಡು ಹೋದ. ತಲೆಯ ಸ್ಕ್ಯಾನಿಗೆ ಹನ್ನೊಂದು ದಿನ ಕಾಯಬೇಕಾಯಿತು. ಆ ಹನ್ನೊಂದು ದಿನವೂ ಅತ್ತಿಗೆ ನಾದಿನಿಯ ತಟ್ಟೆಯನ್ನು ತನ್ನ ತಟ್ಟೆಯ ಪಕ್ಕದಲ್ಲೇ ಇಟ್ಟಳು. "ಬಂದು ಕೂತ್ಕೋ. ನನಗೊಬ್ಬಳಿಗೇ ಎಲ್ಲರಿಗೂ ಬಡಿಸೋಕಾಗಲ್ಲ" ಎಂಬುದು ಅವಳು ಕೊಟ್ಟ ನೆಪ.

ಚಿತ್ರವನ್ನು ಬೆಳಕಿಗೆ ಹಿಡಿದು ನರದ ಡಾಕ್ಟರು ತೋರಿಸಿದರು. ಮುಖಕ್ಕೆ ಬರುವ ನರ, ಅದರ ಬುಡಕ್ಕೆ ತಾಗಿಕೊಂಡು ಬಾಗಿದ ಒಂದು ರಕ್ತನಾಳ. ಟಿಕೆಟ್ಟಮ್ಮನಿಗೆ ಏನೂ ತಿಳಿಯಲಿಲ್ಲ. ಅಣ್ಣ ಹತ್ತಿರ ಹೋಗಿ ನೋಡಿದ.

"ಪೈಪು ಬಂದು ವೈರಿನ ಮೇಲೆ ಒರಗಿದೆ" ಅಂದ. "ಪೈಪು ಅಲುಗಾಡಿದಾಗೆಲ್ಲ ವೈರು ಕಿಡಿ ಹಾರಿಸ್ತಿದೆ. ಹೌದಾ ಸಾರ್?"

"ನಾನು ಹತ್ತು ವರ್ಷದಿಂದ ಹೇಳ್ತಿದೀನಿ, ಇಷ್ಟು ಚೆನ್ನಾಗಿ ಹೇಳೋಕೆ ಬಂದಿರಲಿಲ್ಲ" ಅಂದರು ಡಾಕ್ಟರು.

ಮುಖದ ಸ್ನಾಯುಗಳನ್ನು ಸಡಿಲ ಮಾಡುವ ಸೂಜಿ ಹಾಕಬಹುದು, ಮೂರು ನಾಲ್ಕು ತಿಂಗಳಿಗೊಮ್ಮೆ ಮತ್ತೆ ಹಾಕಿಸಬೇಕು, ಸಾಲದಿದ್ದರೆ ಶಸ್ತ್ರಚಿಕಿತ್ಸೆಯೂ ಇದೆ ಎಂದರು. ಸೂಜಿ ಎಂದು ತೀರ್ಮಾನವಾಯಿತು. ಮುಂದಿನ ಬುಧವಾರ ಕಣ್ಣಿನ ಸುತ್ತ, ಕೆನ್ನೆಯಲ್ಲಿ, ಆರು ಕಡೆ ಚುಚ್ಚಿದರು. ಅತ್ತಿಗೆ ಕೈ ಹಿಡಿದುಕೊಂಡಿದ್ದಳು. ಚುಚ್ಚಿಸಿಕೊಂಡವಳಿಗಿಂತ ಅವಳೇ ಹೆಚ್ಚು ಬೆವತಿದ್ದಳು.

ನಾಲ್ಕನೆಯ ದಿನ ಕಣ್ಣು ಮುಚ್ಚುವುದು ಕಡಿಮೆಯಾಯಿತು. ಆರನೆಯ ದಿನ ಬೆಳಗ್ಗೆ ಟಿಕೆಟ್ಟಮ್ಮ ಬಾಯಿ ಮುಕ್ಕಳಿಸುವಾಗ ನೀರು ಎಡತುಟಿಯಿಂದ ಸೋರಿತು. ಕನ್ನಡಿಯಲ್ಲಿ ನೋಡಿದರೆ ತುಟಿಯ ಅಂಚು ಸ್ವಲ್ಪ ಕೆಳಗೆ ಜಾರಿತ್ತು.

ಅಜ್ಜಿ ಹಣೆ ಚಚ್ಚಿಕೊಂಡಳು. "ಕುಣೀತಿದ್ದ ಮುಖ ಜೋತು ಬೀಳೋ ಹಾಗೆ ಮಾಡಿಸ್ಕೊಂಡು ಬಂದ್ರಿ. ಸುಮ್ಮನಿರಿ ಅಂದ್ರೆ ಕೇಳಿದ್ರಾ?"

"ಯಾವಾಗ ಸುಮ್ಮನಿರಿ ಅಂದ್ರಿ ಅತ್ತೆ?" ಅಂದಳು ಅತ್ತಿಗೆ.

"ಮನಸ್ಸಲ್ಲಿ ಅಂದ್ಕೊಂಡಿದ್ದೆ."

"ಸೂಜಿಯಿಂದ ಸ್ವಲ್ಪ ದಿನ ಹೀಗಾಗಬಹುದು ಅಂತ ಅವರೇ ಹೇಳಿದ್ರಲ್ಲ" ಎಂದು ಅಣ್ಣ ಅಂದ. ಆದರೆ ಅವನ ದನಿಯಲ್ಲೂ ಅಳುಕಿತ್ತು. "ಎರಡು ದಿನ ನೋಡೋಣ."

"ಎರಡು ದಿನವೂ ಇಲ್ಲ, ಎರಡು ಗಂಟೆಯೂ ಇಲ್ಲ" ಎಂದು ಅತ್ತಿಗೆ ಯಂತ್ರದಲ್ಲಿದ್ದ ಅಂಗಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. "ಏನೂ ಇಲ್ಲ ಅಂದ್ರೆ ವಾಪಸ್ ಬರೋಣ. ಕೇಳಿ ಬಂದ್ರೆ ನಮ್ಮ ಗಂಟೇನೂ ಹೋಗಲ್ಲ."

ನೆಗಡಿಯ ಡಾಕ್ಟರು ಮತ್ತೆ ಕೈ ಚಾಚಿಸಿದಳು, ಮಾತಾಡಿಸಿದಳು, ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು. ನರದ ಡಾಕ್ಟರಿಗೆ ಫೋನ್ ಮಾಡಿದಳು. ಔಷಧಿ ತುಟಿಯವರೆಗೂ ಸ್ವಲ್ಪ ಹರಡಿದೆ, ಎರಡು ಮೂರು ವಾರದಲ್ಲಿ ಸರಿಹೋಗುತ್ತದೆ, ಹೆದರುವ ಕಾರಣ ಇಲ್ಲ ಅಂದಳು. "ಸುಮ್ಮನೆ ನಿಮಗೆ ತೊಂದರೆ ಕೊಟ್ವಿ" ಎಂದು ಟಿಕೆಟ್ಟಮ್ಮ ಸಂಕೋಚಪಟ್ಟಳು. "ಹೀಗೆ ಸುಮ್ಮನೆ ಬರೋರು ಹತ್ತು ಜನ ಇದ್ರೂ ಸರಿ" ಎಂದು ಡಾಕ್ಟರು ಅಂದಳು. "ಬರದೆ ಮನೆಯಲ್ಲಿ ಕೂರೋರದ್ದೇ ನನಗೆ ಚಿಂತೆ."

ಮೂರನೆಯ ವಾರಕ್ಕೆ ತುಟಿ ನೆಟ್ಟಗಾಯಿತು. ಒಂದು ಸಂಜೆ ಅಂಗಿಗಳಿಗೆ ಗುಂಡಿ ಹಾಕುತ್ತ ಕೂತಿದ್ದಾಗ ಪುಟ್ಟಿ ಬಹಳ ಹೊತ್ತು ಅವಳನ್ನೇ ನೋಡಿದಳು.

"ಅತ್ತೆ, ಈಗ ನಿಮ್ಮ ಮುಖದಲ್ಲಿ ಯಾವುದು ನಗು ಅಂತ ಗೊತ್ತಾಗತ್ತೆ" ಅಂದಳು. "ಮೊದಲು ಗೊತ್ತಾಗ್ತಿರಲಿಲ್ಲ. ನಾನು ಕೇಳಬೇಕು ಅಂದ್ಕೋತಿದ್ದೆ, ಹೆದರಿಕೆ ಆಗ್ತಿತ್ತು."

"ಕೇಳಬೇಕಿತ್ತು ಕಣೇ. ನೀನು ಕೇಳಿದ್ರೆ ನಾನು ಅವತ್ತೇ ಡಾಕ್ಟರ್ ಹತ್ರ ಹೋಗ್ತಿದ್ನೋ ಏನೋ." ಟಿಕೆಟ್ಟಮ್ಮ ದಾರ ಕಚ್ಚಿ ತುಂಡು ಮಾಡಿದಳು. ಯಂತ್ರದ ಮುಂದೆ ಬಾಗಿದ್ದ ಅತ್ತಿಗೆಯ ಬೆನ್ನು ನೋಡುತ್ತ ಹೇಳಿದಳು: "ನಿಮ್ಮಮ್ಮ ಆವತ್ತು ಅಳತೆ ಪಟ್ಟಿ ತಗೊಂಡು ಸುಮ್ಮನೆ ಹೋಗಬಹುದಿತ್ತು. ನಿಂತು ನೋಡಿದಳಲ್ಲ. ನನ್ನ ಮುಖವನ್ನ ಹಾಗೆ ನಿಂತು ನೋಡಿದವರು ಬೇರೆ ಯಾರೂ ಇರಲಿಲ್ಲ."

ಯಂತ್ರ ಒಂದು ಕ್ಷಣ ನಿಂತಿತು. "ಗುಂಡಿ ಎಲ್ಲಾ ಒಂದೇ ಸಾಲಲ್ಲಿ ಬರಲಿ" ಎಂದು ಅತ್ತಿಗೆ ತಿರುಗದೆಯೇ ಹೇಳಿದಳು. ಯಂತ್ರ ಮತ್ತೆ ಓಡಿತು.

ಆಸ್ಪತ್ರೆಯ ಚೀಟಿ ಹಿಡಿದು ಇಬ್ಬರೂ ಕಟ್ಟೆಗೆ ಹೋದರು. ಮೇಲ್ವಿಚಾರಕರು ಚೀಟಿಯನ್ನು ಎರಡು ಸಲ ಓದಿದರು.

"ನಂಗೇನು ಗೊತ್ತಿತ್ತು? ನೀವು ಹೇಳಲೂ ಇಲ್ಲ."

"ನೀವು ಕೇಳಲೂ ಇಲ್ಲ ಸಾರ್" ಅಂದಳು ಅತ್ತಿಗೆ. "ನಾವೂ ಕೇಳಿರಲಿಲ್ಲ, ಅದಕ್ಕೇ ನಿಮ್ಮನ್ನ ಬಯ್ಯೋ ಹಕ್ಕು ನನಗಿಲ್ಲ. ಆದ್ರೆ ಆ ಜಾಗ ಇವಳದ್ದು."

"ಮತ್ತೆ ಶುರುವಾದ್ರೆ?"

ಈ ಸಲ ಟಿಕೆಟ್ಟಮ್ಮನೇ ಉತ್ತರ ಕೊಟ್ಟಳು. "ಆಗತ್ತೆ ಸಾರ್. ಸೂಜಿಯ ಬಲ ಇಳಿದಾಗ ಸ್ವಲ್ಪ ಬರತ್ತೆ, ಮತ್ತೆ ಹಾಕಿಸ್ಕೋತೀನಿ. ಅಷ್ಟರಲ್ಲಿ ಯಾರಾದ್ರೂ ಏನಾದ್ರೂ ಅಂದ್ಕೊಂಡ್ರೆ ನಾನೇ ಹೇಳ್ತೀನಿ, ಇದು ನರದ್ದು, ನಿಮ್ಮ ಯಜಮಾನರು ಕ್ಷೇಮವಾಗಿದ್ದಾರೆ ಅಂತ."

ಮೇಲ್ವಿಚಾರಕರು ನಕ್ಕುಬಿಟ್ಟರು. ನಕ್ಕ ಮೇಲೆ ನಾಚಿಕೊಂಡು, ಸೋಮವಾರದಿಂದ ಬನ್ನಿ ಅಂದರು.

ಸೋಮವಾರ ಸಂಜೆ, ಕೆಲಸ ಮುಗಿಸಿ ಆ ದಡಕ್ಕೆ ಹೋಗುವವರ ಸಾಲು ಕಟ್ಟೆಯ ಮೆಟ್ಟಿಲವರೆಗೂ ಇತ್ತು. ಟಿಕೆಟ್ಟಮ್ಮ ತಲೆ ತಗ್ಗಿಸದೆ, ಒಬ್ಬೊಬ್ಬರ ಮುಖ ನೋಡಿ ಚೀಟಿ ಹರಿದು ಕೊಡುತ್ತಿದ್ದಳು. ಕಿಂಡಿಯಲ್ಲಿ ಸುಟ್ಟ ಕಲೆಗಳಿದ್ದ ಒಂದು ಕೈ ಬಂತು.

"ಒಂದು ಕೊಡಮ್ಮ."

ಅವಳು ಕತ್ತೆತ್ತಿದಳು. ಅಣ್ಣ ನಿಂತಿದ್ದ. ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡಿದ್ದ. ಸಾಲಿನಲ್ಲಿ ಅವನ ಹಿಂದೆ ಟೀ ಅಂಗಡಿಯಲ್ಲಿ ದಿನಾ ಕೂರುವ ಇಬ್ಬರಿದ್ದರು.

"ಆ ದಡದಲ್ಲಿ ಏನು ಕೆಲಸ ಅಣ್ಣ?"

"ಏನೂ ಇಲ್ಲ. ಹೋಗಿ ಬರ್ತೀನಿ."

"ಶೆಡ್ಡು?"

"ಮುಚ್ಚಿದೆ."

"ಬೇಗ ಆಗಲಿ ಮಾರಾಯ, ಲಾಂಚ್ ಹೊರಡತ್ತೆ" ಅಂದ ಹಿಂದಿನವನು.

ಅಣ್ಣ ತಿರುಗಿ ನಿಂತ. "ಸ್ವಲ್ಪ ತಡ್ಕೋ. ಇವಳು ನನ್ನ ತಂಗಿ, ಮಾತಾಡ್ತಿದೀನಿ" ಎಂದು ಇಡೀ ಸಾಲಿಗೆ ಕೇಳುವಂತೆ ಹೇಳಿದ.

ಅವಳು ಚೀಟಿ ಹರಿದು ಅವನ ಅಂಗೈಯಲ್ಲಿಟ್ಟಳು. "ಕೊನೇ ಲಾಂಚ್ ಆರೂವರೆಗೆ. ಅದು ಬಿಟ್ರೆ ಬಸ್ಸಲ್ಲಿ ಸುತ್ತಬೇಕಾಗತ್ತೆ."

"ಬಸ್ಸಲ್ಲಿ ಸುತ್ತಿದ್ದು ಸಾಕು" ಅಂದ ಅಣ್ಣ.

ಮುದುಕ ಗಂಟೆ ಬಾರಿಸಿದ. ಲಾಂಚ್ ದಡ ಬಿಟ್ಟಿತು. ಒಳಗೆ ಜಾಗವಿದ್ದರೂ ಅಣ್ಣ ಹಿಂದಿನ ಕಂಬಿಗೆ ಒರಗಿ, ಕೌಂಟರಿನ ಕಡೆಗೇ ಮುಖ ಮಾಡಿ ನಿಂತಿದ್ದ.